ಆರಡಿಯ ಪ್ಲೇಬೋಟ್: ನಾಲ್ಕು ವರ್ಷ, ನಾಲ್ಕು ನದಿಗಳ ಅನುಭವ

ಸುಮಾರು ಆರಡಿ ಉದ್ದದ, ಚಪ್ಪಟೆ ತಳದ ಈ ಪ್ಲೇಬೋಟ್ ಕಯಾಕನ್ನು (ನದಿಯ ಅಲೆಗಳ ಮೇಲೆ ಆಡಲೆಂದೇ ಮಾಡಿದ, ಒಬ್ಬರು ಕೂರುವ ಪುಟ್ಟ ದೋಣಿ) ನಾನು ನಾಲ್ಕು ವರ್ಷಗಳಿಂದ ಬಳಸುತ್ತಿದ್ದೇನೆ. ಗಂಗೆಯ ಶಿವಪುರಿ–ಋಷಿಕೇಶ ಭಾಗ, ನೇಪಾಳದ ತ್ರಿಶೂಲಿ, ಉಗಾಂಡದ ಜಿಂಜಾ ಬಳಿಯ ಶ್ವೇತ ನೈಲ್ ಮತ್ತು ಸ್ಲೊವೇನಿಯಾದ ಸೋಚಾ ನದಿಗಳಲ್ಲಿ ಇದೇ ದೋಣಿ ನನ್ನ ಜೊತೆಗಿತ್ತು. ಒಬ್ಬನೇ ಹೆಗಲ ಮೇಲೆ ಹೊರಬಹುದು, ಜೀಪಿನ ಮೇಲೆ ಕಟ್ಟಬಹುದು ಎಂಬ ಕಾರಣಕ್ಕೆ ಇದನ್ನು ಆರಿಸಿದ್ದೆ. ವಿಮಾನಯಾನ ಮಾತ್ರ ಅಷ್ಟು ಸುಲಭವಲ್ಲ: ದೂರವಾಣಿಯಲ್ಲಿ ಒಪ್ಪಿದ್ದ ಸಂಸ್ಥೆಯೊಂದು ಕೌಂಟರಿನಲ್ಲಿ ನಿರಾಕರಿಸಿದ ಮೇಲೆ, ಅಳತೆ ಮತ್ತು ತೂಕ ನಮೂದಿಸಿದ ಲಿಖಿತ ಒಪ್ಪಿಗೆಯಿಲ್ಲದೆ ನಾನು ಹೊರಡುವುದಿಲ್ಲ.

ಈ ದೋಣಿಯ ಗುಣವೆಲ್ಲ ಅದರ ತೆಳುವಾದ ಹಿಂತುದಿಯಲ್ಲಿದೆ. ಎಡ್ಡಿಯಿಂದ, ಅಂದರೆ ಬಂಡೆಯ ಮರೆಯಲ್ಲಿ ಹಿಮ್ಮುಖವಾಗಿ ಸುಳಿಯುವ ಶಾಂತ ನೀರಿನಿಂದ, ಮುಖ್ಯ ಸೆಳವಿಗೆ ದಾಟುವಾಗ ಮೇಲ್ಹರಿವಿನ ಕಡೆಯ ಅಂಚು ಸ್ವಲ್ಪ ಬಾಗಿದರೂ ನೀರು ಹಿಂಬದಿಯ ಮೇಲೇರಿ ಅದನ್ನು ಕೆಳಗೊತ್ತುತ್ತದೆ, ಮುಂತುದಿ ಆಕಾಶಕ್ಕೆ ಏಳುತ್ತದೆ. ಕಡಿದಾದ ತೊರೆಗಳಿಗೆಂದು ಮಾಡಿದ ದೊಡ್ಡ ಗಾತ್ರದ ಕ್ರೀಕ್ ಬೋಟಿನಲ್ಲಿ ಅರಿವಿಗೇ ಬಾರದೆ ದಾಟಿಹೋಗುತ್ತಿದ್ದ, ಎಡ್ಡಿಗೂ ಸೆಳವಿಗೂ ನಡುವಿನ ಗೆರೆಗಳು ತ್ರಿಶೂಲಿಯಲ್ಲಿ ಮೊದಲ ದಿನವೇ ನನ್ನನ್ನು ಐದು ಬಾರಿ ಮಗುಚಿದವು. ಸೊಂಟವನ್ನು ಸಡಿಲವಾಗಿಟ್ಟು, ಅಂಚನ್ನು ಸರಿಯಾದ ಕ್ಷಣದಲ್ಲಿ ಎತ್ತುವುದನ್ನು ನಾನು ನಿಜವಾಗಿ ಕಲಿತದ್ದು ಅಲ್ಲಿಯೇ. ಗಂಗೆಯಲ್ಲಿ ನೀರು ನೊರೆಯೆದ್ದು ರಭಸದಿಂದ ಹರಿಯುವ ರೋಲರ್ ಕೋಸ್ಟರ್ ರ‍್ಯಾಪಿಡ್‌ನ ಅಲೆಸಾಲಿನಲ್ಲಿ ಇದು ಅಲೆಯಿಂದ ಅಲೆಗೆ ಜಿಗಿಯುತ್ತದೆ, ಆದರೆ ರ‍್ಯಾಪಿಡ್‌ಗಳ ನಡುವಿನ ಉದ್ದನೆಯ ಮಡುಗಳಲ್ಲಿ ತಂಡದ ಹಿಂದೆ ಉಳಿಯುತ್ತದೆ. ನೀರಿಗೆ ತಾಗುವ ಉದ್ದ ಕಡಿಮೆಯಾದ್ದರಿಂದ ಎಷ್ಟು ಹುಟ್ಟು ಹಾಕಿದರೂ ವೇಗ ಒಂದು ಮಿತಿಯನ್ನು ಮೀರುವುದಿಲ್ಲ, ದೊಡ್ಡ ಹೋಲ್ ಒಂದನ್ನು (ಬಂಡೆಯ ಮೇಲಿಂದ ಬಿದ್ದ ನೀರು ಹಿಂದಕ್ಕೆ ಮಗುಚಿ ಸುಳಿಯುವ ಜಾಗ) ಸೀಳಿ ದಾಟಲು ಬೇಕಾದ ರಭಸವೂ ಸಿಗುವುದಿಲ್ಲ.

ಇದಕ್ಕೆ ತಕ್ಕ ನೀರು ಶ್ವೇತ ನೈಲ್. 2012ರಲ್ಲಿ ಪೂರ್ಣಗೊಂಡ ಬುಜಗಾಲಿ ಅಣೆಕಟ್ಟು ಮೇಲ್ಭಾಗದ ರ‍್ಯಾಪಿಡ್‌ಗಳನ್ನು ಮುಳುಗಿಸಿರುವುದು ನೋವಿನ ಸಂಗತಿ. ಆದರೂ ಉಳಿದ ಭಾಗದಲ್ಲಿ ನಾನು ಆಡಿದ ಕಡೆಗಳಲ್ಲೆಲ್ಲ ನೀರು ಬೆಚ್ಚಗಿತ್ತು, ಆಳವಾಗಿತ್ತು, ಮಗುಚಿದ ದೋಣಿಯನ್ನು ಮತ್ತೆ ನೇರವಾಗಿಸುವ ರೋಲ್ ತಪ್ಪಿದಾಗ ತಲೆಗೆ ತಾಗುವ ಬಂಡೆಗಳಿರಲಿಲ್ಲ. ಒಂದೇ ಅಲೆಯ ಮೇಲೆ ಇಡೀ ಬೆಳಗನ್ನು ಕಳೆದರೂ ನನಗೆ ಸಾಕೆನಿಸಿರಲಿಲ್ಲ.

ಸೋಚಾ ಇದಕ್ಕೆ ತೀರ ವಿರುದ್ಧ. ಸುಣ್ಣಕಲ್ಲಿನ ದೊಡ್ಡ ಬಂಡೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಒಂದು ಮೀಟರಿನಷ್ಟು ಇಳಿತವನ್ನು ಹಾರುವಾಗ, ತೆಳ್ಳಗಿನ ಮುಂತುದಿ ನೇರವಾಗಿ ನೀರಿನೊಳಗೆ ನುಗ್ಗಿ ಮರೆಯಲ್ಲಿದ್ದ ಬಂಡೆಗೆ ಹೊಡೆಯಿತು. ಪಾದದಾಸರೆಗೆ ಒತ್ತಿದ್ದ ನನ್ನ ಬಲ ಕಣಕಾಲು ಉಳುಕಿ, ಮೂರು ವಾರ ನೀರಿಗಿಳಿಯಲಾಗಲಿಲ್ಲ. ಆ ಬಳಿಕ ಪಾದದಾಸರೆಯ ಮೇಲೆ ದಪ್ಪನೆಯ ಫೋಮ್ ಅಂಟಿಸಿದ್ದೇನೆ. ಆದರೂ ಕಲ್ಲು ತುಂಬಿದ, ಆಳವಿಲ್ಲದ ನದಿಗೆ ಈ ದೋಣಿಯನ್ನು ಒಯ್ಯಬಾರದೆಂಬುದೇ ನನ್ನ ಖಚಿತ ಅಭಿಪ್ರಾಯ.

ಬಾಳಿಕೆಯ ಬಗ್ಗೆ ದೂರು ಕಡಿಮೆ. ಪಾಲಿಎಥಿಲೀನ್ ತಳದಲ್ಲಿ ಆಸನದ ಕೆಳಗೆ ಗೀರುಗಳು ಆಳವಾಗಿದ್ದರೂ ಬಿರುಕು ಬಿಟ್ಟಿಲ್ಲ. ಬಿಸಿಲಿನಲ್ಲಿ ಪಟ್ಟಿಯನ್ನು ಬಿಗಿದು ಕಟ್ಟಿದ್ದರಿಂದ ಒಮ್ಮೆ ತಳ ಒಳಗೆ ಕುಸಿದಿತ್ತು, ಬಿಸಿನೀರು ಹಾಕಿ ಒಳಗಿನಿಂದ ಒತ್ತಿದಾಗ ಸರಿಯಾಯಿತು. ಸೊಂಟದ ಮೆತ್ತೆಯ ಅಂಟು ಮಾತ್ರ ಎರಡನೆಯ ವರ್ಷಕ್ಕೇ ಬಿಟ್ಟಿತು, ಬೆನ್ನುಪಟ್ಟಿಯನ್ನು ಬಿಗಿಮಾಡುವ ರ‍್ಯಾಚೆಟ್ ಮರಳು ಸಿಕ್ಕಿ ಪದೇ ಪದೇ ಬಿಗಿದುಕೊಳ್ಳುತ್ತದೆ.

ಕೊಳ್ಳುವವರು ತಮ್ಮ ದೇಹದ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯಬಾರದು. ಎಸೆಹಗ್ಗ, ಪ್ರಥಮ ಚಿಕಿತ್ಸೆಯ ಚೀಲ, ಕುಡಿಯುವ ನೀರು ಸೇರಿ ನಾಲ್ಕು ಕಿಲೋ ಹೆಚ್ಚಾದರೂ ದೋಣಿಯ ಮೇಲ್ಭಾಗ ನೀರಿಗೆ ಹತ್ತಿರವಾಗಿ ಹಿಂತುದಿ ಇನ್ನಷ್ಟು ಬೇಗ ಮುಳುಗುತ್ತದೆ. ತಯಾರಕರು ಸೂಚಿಸುವ ತೂಕದ ಮೇಲ್ಮಿತಿಯ ಹತ್ತಿರವಿದ್ದರೆ ಒಂದು ಅಳತೆ ದೊಡ್ಡದನ್ನೇ ಆರಿಸಿ, ಹಿಂಬದಿಯಲ್ಲಿ ಗಾಳಿಚೀಲಗಳನ್ನು ತಪ್ಪದೆ ತುಂಬಿ. ಅವಿಲ್ಲದೆ ನೀರು ತುಂಬಿದ ದೋಣಿಯನ್ನು ಸೆಳವಿನಿಂದ ದಡಕ್ಕೆಳೆಯುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ.