ದೋಣಿ 10 ಸೆಕೆಂಡಿಗೆ ನಿಲ್ಲಬೇಕು: ಫ್ರೇಮ್ ಎಣಿಸಬೇಕೋ, ಸಮಯ ನೋಡಬೇಕೋ?

ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಗೆ ಜನ ಹೋಗುವುದು ದೋಣಿಯಲ್ಲೇ. ಆ ದಾರಿ ತೋರಿಸಲು ಒಂದು ವೆಬ್ ಪುಟ ಮಾಡುತ್ತಿದ್ದೆ. ನಕ್ಷೆಯ ಮೇಲೆ ಪುಟ್ಟ ದೋಣಿ ಬೈತಖೋಲ ಬಂದರಿನಿಂದ ಹೊರಟು, 10 ಸೆಕೆಂಡಿನಲ್ಲಿ ದ್ವೀಪ ಮುಟ್ಟಿ ನಿಲ್ಲಬೇಕು. ಪಕ್ಕದಲ್ಲಿ ಸಾಗಿದ ದೂರದ ಅಂಕಿಯೂ ಏರುತ್ತಾ ಹೋಗಬೇಕು. ದೋಣಿಯನ್ನು ಮತ್ತೆ ಮತ್ತೆ ಸರಿಸುವ ಲೂಪ್ ನಿಲ್ಲಿಸುವ ಬೇರೆ ಬೇರೆ ದಾರಿಗಳನ್ನು ಪ್ರಯತ್ನಿಸಿ ನೋಡಿದೆ.

ಎಲ್ಲರಿಗೂ ಮೊದಲು ಹೊಳೆಯುವುದು ಫ್ರೇಮ್ ಎಣಿಕೆ. ಪರದೆ ಒಂದು ಸಲ ಹೊಸದಾಗಿ ಚಿತ್ರ ಬರೆದರೆ ಒಂದು ಫ್ರೇಮ್; ಪ್ರತಿ ಫ್ರೇಮಿಗೂ ದೋಣಿ ಒಂದೇ ಅಳತೆ ಮುಂದೆ ಸರಿಯುತ್ತದೆ. 600 ಫ್ರೇಮ್ ಆದರೆ ನಿಲ್ಲು, ಅಷ್ಟೇ. 60 ಹರ್ಟ್ಸ್ (ಸೆಕೆಂಡಿಗೆ 60 ಫ್ರೇಮ್) ಲ್ಯಾಪ್‌ಟಾಪಿನಲ್ಲಿ ಸರಿಯಾಗಿ 10 ಸೆಕೆಂಡ್. 120 ಹರ್ಟ್ಸ್ ಫೋನಿನಲ್ಲಿ 5 ಸೆಕೆಂಡಿಗೇ ದ್ವೀಪ ಬಂದುಬಿಡುತ್ತದೆ! ತಡವರಿಸುವ ಹಳೇ ಫೋನಿನಲ್ಲಿ ಇನ್ನೂ ನಿಧಾನ. ಆದರೆ ದೋಣಿ ನಿಲ್ಲುವ ಜಾಗ ಮಾತ್ರ ಎಲ್ಲೂ ತಪ್ಪುವುದಿಲ್ಲ. ವಿಡಿಯೋ ಮಾಡಲು ಚಿತ್ರಗಳನ್ನು ಒಂದೊಂದಾಗಿ ಉಳಿಸುವಾಗ ಇದೇ ಸರಿ.

ಫ್ರೇಮಿಗೆ ಇಷ್ಟು ದೂರ ಅನ್ನುವುದನ್ನೇ ಇಟ್ಟುಕೊಂಡು, ಎಣಿಕೆಯ ಬದಲು ಸೆಟ್‌ಟೈಮ್ಔಟ್‌ನಲ್ಲಿ (ಇಷ್ಟು ಹೊತ್ತಾದ ಮೇಲೆ ಈ ಕೆಲಸ ಮಾಡು ಅನ್ನುವ ಜಾವಾಸ್ಕ್ರಿಪ್ಟ್ ಆದೇಶ) 10,000 ಮಿಲಿಸೆಕೆಂಡ್ ಕೊಟ್ಟು ನಿಲ್ಲಿಸಿದರೆ? ಸಮಯ ಹೆಚ್ಚುಕಡಿಮೆ ಸರಿ, ಜಾಗ ತಪ್ಪು. ನಿಧಾನದ ಫೋನಿನಲ್ಲಿ ದೋಣಿ ಸಮುದ್ರದ ನಡುವೆಯೇ ನಿಲ್ಲುತ್ತದೆ. ಇದು ನನಗೆ ಬೇಡವೇ ಬೇಡ.

ಪುಟದ ರೂಪ ಹೇಳುವ ಭಾಷೆ ಸಿಎಸ್‌ಎಸ್‌ನಲ್ಲಿ ಇದು ತುಂಬ ಸುಲಭ. ಅವಧಿ 10 ಸೆಕೆಂಡ್, ಆವರ್ತನೆ 1, ಫಿಲ್ ಮೋಡ್ ಫಾರ್ವರ್ಡ್ಸ್. ಆ ಕೊನೆಯದನ್ನು ಬಿಟ್ಟರೆ ದೋಣಿ ತಲುಪಿದ ಕೂಡಲೇ ಬಂದರಿಗೆ ಹಾರುತ್ತದೆ. ಬರೀ ದೋಣಿ ಓಡಿಸುವುದಾದರೆ ಇದನ್ನೇ ಬಳಸಿ. ನನಗೆ ದೂರದ ಅಂಕಿಯೂ ಜೊತೆಗೇ ಬದಲಾಗಬೇಕಿತ್ತು, ಹಾಗಾಗಿ ಜಾವಾಸ್ಕ್ರಿಪ್ಟೇ ಅನುಕೂಲ ಅನಿಸಿತು.

ಅಲ್ಲಿ ಬ್ರೌಸರಿಗೆ ಮುಂದಿನ ಫ್ರೇಮ್ ಕೇಳುವ ಆದೇಶ ರಿಕ್ವೆಸ್ಟ್‌ಅನಿಮೇಷನ್‌ಫ್ರೇಮ್ ಪ್ರತಿ ಸಲವೂ ಸಮಯವನ್ನು ಮಿಲಿಸೆಕೆಂಡಿನಲ್ಲಿ ಕೊಡುತ್ತದೆ. ಶುರುವಿನ ಸಮಯ ಕಳೆದು 10,000ದಿಂದ ಭಾಗಿಸಿ, 1 ದಾಟದಂತೆ ತಡೆಯಿರಿ. ದೋಣಿಯ ಜಾಗವನ್ನು ಅದರಿಂದಲೇ ಲೆಕ್ಕ ಹಾಕಿ. 1 ಆದ ಮೇಲೆ ಮುಂದಿನ ಫ್ರೇಮ್ ಕೇಳಬೇಡಿ. 60 ಇರಲಿ, 120 ಇರಲಿ, ಅದೇ ಸಮಯ, ಅದೇ ಜಾಗ. ಎಷ್ಟು ಚೆಂದ ಅಲ್ವಾ?

ಒಂದು ತೊಡಕಿದೆ. ಬೇರೆ ಟ್ಯಾಬಿಗೆ ಹೋದರೆ ಬ್ರೌಸರ್ ಫ್ರೇಮ್ ಕೊಡುವುದನ್ನು ನಿಲ್ಲಿಸುತ್ತದೆ, ಸಮಯ ಮಾತ್ರ ಓಡುತ್ತಲೇ ಇರುತ್ತದೆ. ವಾಪಸ್ ಬಂದಾಗ ದೋಣಿ ಆಗಲೇ ಕೂರ್ಮಗಡದಲ್ಲಿ! ದಾರಿ ತೋರಿಸಲೆಂದೇ ಮಾಡಿದ ಪುಟದಲ್ಲಿ ದಾರಿಯೇ ಕಾಣಲಿಲ್ಲ ಅಂದರೆ ಹೇಗೆ? ಅದಕ್ಕೇ ಎರಡು ಫ್ರೇಮ್‌ಗಳ ನಡುವಿನ ಅಂತರವನ್ನು ಕೂಡಿಸುತ್ತಾ ಹೋದೆ. ಅಂತರ 100 ಮಿಲಿಸೆಕೆಂಡ್ ದಾಟಿದರೆ, ಎಷ್ಟೇ ದೊಡ್ಡದಿದ್ದರೂ 100 ಅಂತಲೇ ಲೆಕ್ಕ. ಈಗ ದೋಣಿ ಬಿಟ್ಟ ಜಾಗದಿಂದಲೇ ಮುಂದೆ ಸಾಗುತ್ತದೆ.

ನನ್ನ ಆಯ್ಕೆ ಇದೇ. ಇನ್ನೊಂದು ಲಾಭವೂ ಇದೆ. ತಾನಾಗಿಯೇ ಶುರುವಾಗಿ, ಬೇರೆ ವಿಷಯದ ಜೊತೆಯಲ್ಲೇ 5 ಸೆಕೆಂಡಿಗಿಂತ ಜಾಸ್ತಿ ಓಡುವ ಅನಿಮೇಷನ್ ನಿಲ್ಲಿಸಲು ಓದುಗರಿಗೆ ದಾರಿ ಬೇಕು ಅನ್ನುತ್ತದೆ, ವೆಬ್ ಪುಟಗಳು ಅಂಗವಿಕಲರಿಗೂ ಬಳಸಲು ಬರಬೇಕು ಎಂದು ಮಾಡಿದ ಡಬ್ಲ್ಯೂಸಿಎಜಿ ಮಾರ್ಗಸೂಚಿಯ 2.2.2ನೇ ಅಂಶ. ಚಲಿಸುವ ಚಿತ್ರ ಪಕ್ಕದಲ್ಲಿದ್ದರೆ ಎಷ್ಟೋ ಜನರಿಗೆ ಓದಲು ನಿಜಕ್ಕೂ ಕಷ್ಟ. ಈ ವಿಧಾನದಲ್ಲಿ ನಿಲ್ಲಿಸುವ ಬಟನ್ ಸೇರಿಸುವುದು ಸಲೀಸು. ಒತ್ತಿದಾಗ ಅಂತರ ಕೂಡಿಸುವುದನ್ನು ಬಿಟ್ಟರಾಯಿತು.