ಸಿಎಸ್ ತಗೋಬೇಕಾ, ಐಪಿ ತಗೋಬೇಕಾ?

ಹತ್ತನೇ ಕ್ಲಾಸ್ ಮುಗಿಸಿದ ಸಿಬಿಎಸ್‌ಇ ಮಕ್ಕಳ ಮನೆಯಲ್ಲಿ ಇದೇ ಚರ್ಚೆ: ಕಂಪ್ಯೂಟರ್ ಸೈನ್ಸಾ, ಇನ್ಫರ್ಮ್ಯಾಟಿಕ್ಸ್ ಪ್ರಾಕ್ಟಿಸಸ್ಸಾ? ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಹಾಗಿಲ್ಲ. ಪಿಯು ಸೇರುವವರಿಗೆ ಈ ತಲೆನೋವೇ ಇಲ್ಲ, ಸೈನ್ಸ್‌ನ ಪಿಸಿಎಂಸಿ ಆಗಲಿ ಕಾಮರ್ಸ್‌ನ ಸಿಇಬಿಎ ಆಗಲಿ, ಓದುವುದು ಅದೇ ಕಂಪ್ಯೂಟರ್ ಸೈನ್ಸ್. ನಾನು ಹಾಸನದಲ್ಲೇ ಐಪಿ ಓದಿದವಳು. ಆಮೇಲೆ ತಂಗಿ ಸಿಎಸ್ ತೆಗೆದುಕೊಂಡಳು, ಅವಳಿಗೆ ಹೇಳಿಕೊಡಲು ಕೂತು ಅದರ ಪ್ರಾಕ್ಟಿಕಲ್‌ಗಳನ್ನೂ ಮಾಡಿ ನೋಡಿದೆ.

"ಐಪಿ ಸುಲಭ, ಮಾರ್ಕ್ಸ್ ಬರುತ್ತೆ" ಅನ್ನುತ್ತಾರೆ. ಅರ್ಧ ನಿಜ. ಎರಡಕ್ಕೂ ಥಿಯರಿ 70, ಪ್ರಾಕ್ಟಿಕಲ್ 30. ಪೈಥಾನ್ ಪ್ರೋಗ್ರಾಮಿಂಗ್, ಮೈಎಸ್‌ಕ್ಯೂಎಲ್ ಡೇಟಾಬೇಸ್ ಎರಡರಲ್ಲೂ ಇವೆ. ನೆಟ್‌ವರ್ಕ್ ಪಾಠವಂತೂ ಎರಡರಲ್ಲೂ ಬಾಯಿಪಾಠವೇ ಬಿಡಿ.

12ರ ಐಪಿಯಲ್ಲಿ ಪಾಂಡಾಸ್ ಬರುತ್ತದೆ, ಅಂದರೆ ಟೇಬಲ್ ರೂಪದ ಡೇಟಾ ನಿಭಾಯಿಸುವ ಪೈಥಾನ್ ಲೈಬ್ರರಿ. ಅಪ್ಪನ ಆಲೂಗಡ್ಡೆ ಲೆಕ್ಕವನ್ನು ಸಿಎಸ್‌ವಿ ಫೈಲ್ ಮಾಡಿ ಡೇಟಾಫ್ರೇಮ್‌ಗೆ (ಪಾಂಡಾಸ್‌ನ ಟೇಬಲ್) ಹಾಕಿದೆ. ಒಳ್ಳೇ ರೇಟು ಸಿಕ್ಕ ದಿನಗಳನ್ನೆಲ್ಲ ಒಂದೇ ಸಾಲಿನ ಕೋಡ್‌ನಲ್ಲಿ ಬೇರೆ ಮಾಡಬಹುದು, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಹಾಕಿ ತೋರಿಸಿದಾಗ ಅಪ್ಪನಿಗೂ ಅರ್ಥವಾಯಿತು. ಆದರೆ ಫೈಲ್‌ನಲ್ಲಿ ಕಾಲಂ ಹೆಸರಿನ ಕೊನೆಗೆ ಒಂದು ಸ್ಪೇಸ್ ಸೇರಿಕೊಂಡಿದ್ದರೆ ಮುಗೀತು, ಕಣ್ಣಿಗೆ ಹೆಸರು ಸರಿಯಾಗೇ ಕಾಣುತ್ತಿರುತ್ತದೆ, ಪೈಥಾನ್ ಮಾತ್ರ ಆ ಹೆಸರಿನ ಕಾಲಂ ಇಲ್ಲ ಅಂತ ಕೀ ಎರರ್ ಕೊಡುತ್ತಲೇ ಇರುತ್ತದೆ, ಹುಡುಕಿ ಹುಡುಕಿ ಸಾಕಾಗುತ್ತದೆ. ಇದೇನು ಸುಲಭಾನಾ?

ಸಿಎಸ್‌ನಲ್ಲಿ ಪಾಂಡಾಸ್ ಥರ ರೆಡಿಮೇಡ್ ಸಿಗುವುದು ಕಡಿಮೆ. 11ರಲ್ಲಿ ನಂಬರ್ ಸಿಸ್ಟಂ, ಬೂಲಿಯನ್ ಲಾಜಿಕ್. 12ರಲ್ಲಿ ಫಂಕ್ಷನ್, ಫೈಲ್, ಸ್ಟ್ಯಾಕ್ (ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುವ ಡೇಟಾ ಜೋಡಣೆ). ಬೈನರಿ ಫೈಲ್ (ತೆರೆದರೆ ನಾವು ನೇರ ಓದಲಾಗದ ಫೈಲ್) ಓದುವುದನ್ನೇ ನೋಡಿ. ಒಂದೊಂದಾಗಿ ಬರೆದಿಟ್ಟ ರೆಕಾರ್ಡ್‌ಗಳನ್ನು ಪೈಥಾನ್‌ನ ಪಿಕಲ್ ಮಾಡ್ಯೂಲ್‌ನ ಲೋಡ್ ಫಂಕ್ಷನ್ ಒಂದೊಂದಾಗಿಯೇ ಕೊಡುತ್ತದೆ, ಇನ್ನೆಷ್ಟು ಉಳಿದಿವೆ ಅಂತ ಹೇಳುವುದಿಲ್ಲ. ಹಾಗಾಗಿ ಲೂಪ್ ಹಾಕಿ ಓದುತ್ತಾ ಹೋಗಿ, ಫೈಲ್ ಮುಗಿದಾಗ ಬರುವ ಇಒಎಫ್ ಎರರನ್ನು ಹಿಡಿದು ಅಲ್ಲಿ ನಿಲ್ಲಿಸಬೇಕು. "ಎರರ್ ಬರಲಿ ಅಂತ ನಾವೇ ಕಾಯೋದೇನೇ ಅಕ್ಕ?" ಅಂದಳು ತಂಗಿ. ಹೌದು, ಅದನ್ನೇ ಕಾಯಬೇಕು. ಅದು ತಲೆಗೆ ಹತ್ತಿದ ಮೇಲೆ ಮಿಕ್ಕ ಪ್ರೋಗ್ರಾಂಗಳನ್ನು ಅವಳು ಉರು ಹೊಡೆಯುವುದನ್ನೇ ಬಿಟ್ಟಳು. ಐಪಿಯಲ್ಲಿ ನನಗೆ ಇಂಥದ್ದು ಯಾವತ್ತೂ ಸಿಗಲಿಲ್ಲ.

ಇಂಜಿನಿಯರಿಂಗ್, ಬಿಸಿಎ ಯೋಚನೆ ಇದ್ದರೆ ಸಿಎಸ್ಸೇ ಸರಿ, ಮುಂದೆ ಡೇಟಾ ಸ್ಟ್ರಕ್ಚರ್ಸ್ ಬಂದಾಗ ಸ್ಟ್ಯಾಕ್ ಹೊಸದು ಅನ್ನಿಸುವುದಿಲ್ಲ. ಬಿಕಾಂ ಕಡೆ ಹೋಗುವವರಿಗೆ, ಲೆಕ್ಕಪತ್ರದ ಜೊತೆ ಕೆಲಸ ಮಾಡುವವರಿಗೆ ಐಪಿಯೇ ಜಾಸ್ತಿ ಉಪಯೋಗ. ಸುಮ್ನೆ ಮಾರ್ಕ್ಸ್ ಆಸೆಗೆ ಮಾತ್ರ ತಗೋಬೇಡಿ. ಎಲ್ಲ ಸ್ಕೂಲ್‌ಗಳಲ್ಲೂ ಎರಡೂ ಇರುವುದಿಲ್ಲ, ಫೀಸ್ ಕಟ್ಟುವ ಮುಂಚೆ ಕೇಳಿ. ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರ್‌ಗೆ ಎಷ್ಟು ಮಕ್ಕಳು ಕೂರುತ್ತಾರೆ ಅನ್ನುವುದನ್ನೂ ಕೇಳಿ.