ಕ್ರೆಡಿಟ್ ಕಾರ್ಡ್ ಸಾಲ ಕಟ್ಟಲಿಕ್ಕ ಆಗ್ವಲ್ದು, ಹೊಸ ಲೋನ್ ಬಿಟ್ರ ಮತ್ತೇನದ?

ಎಲ್ಲಾ ಸಾಲ ಸೇರ್ಸಿ ಒಂದೇ ದೊಡ್ಡ ಪರ್ಸನಲ್ ಲೋನ್ ತಗೋರಿ ಅಂತಾರ, ಆದ್ರ ಸಿಬಿಲ್ (ಸಾಲ ಹೆಂಗ ಕಟ್ಟೀರಿ ಅಂತ ತೋರ್ಸೂ ಸ್ಕೋರ್) ಬಿದ್ದೋರಿಗೆ ಅದು ಸಿಗೂದೇ ಕಷ್ಟ, ಸಿಕ್ರೂ ಬಡ್ಡಿ ಜಾಸ್ತಿ.

ಪಗಾರ ಬರ್ಲಿಕತ್ತದ, ಬಾಕಿ ಅಷ್ಟ ಭಾರ ಆಗ್ಯದ ಅಂದ್ರ ಮೊದ್ಲು ಬ್ಯಾಂಕಿಗೇ ಹೋಗಿ ಇಎಂಐ ಮಾಡಿಕೊಡ್ರಿ ಅಂತ ಬರದು ಕೊಡ್ರಿ, ಭಾಳಷ್ಟು ಕಾರ್ಡಿನ ಬಡ್ಡಿ ವರ್ಷಕ್ಕ 40% ಹತ್ರ ಹೋಗ್ತದ, ಇಎಂಐದು ಅದಕ್ಕಿಂತ ಭಾಳ ಕಮ್ಮಿ. ಗೋಲ್ಡ್ ಲೋನ್ ಇನ್ನೂ ಅಗ್ಗ, ಖರೆ, ಆದ್ರ ಕಾರ್ಡ್ ಸಾಲಕ್ಕ ಅಡವು ಇರ್ಲಿಲ್ಲ, ಇಲ್ಲಿ ಕಟ್ಟಲಿಲ್ಲಂದ್ರ ಬಂಗಾರ ಹರಾಜಿಗೆ ಹೋಗ್ತದ. ತೊಗರಿ ಮಾರಿದ ರೊಕ್ಕ ಬರೂದು ಪಕ್ಕಾ ಇದ್ರ ಮಾತ್ರ ಇಡ್ರಿ.

ಸೆಟಲ್‌ಮೆಂಟ್ ಅಂದ್ರ ಬ್ಯಾಂಕಿನ ಜೋಡಿ ಮಾತಾಡಿ ಕಮ್ಮಿ ರೊಕ್ಕಕ್ಕ ಸಾಲ ಮುಗ್ಸೂದು, ಅಸಲಿನಾಗೂ ಕಮ್ಮಿ ಆಗಬಹುದು, ಆದ್ರ ಸಿಬಿಲ್‌ನಾಗ 'ಸೆಟಲ್ಡ್' ಅಂತ ವರ್ಷಗಟ್ಲೆ ಉಳೀತದ, ಮುಂದ ಮನಿ ಲೋನ್ ಬೇಕಾದೋರಿಗೆ ಇದು ಬ್ಯಾಡ. ಕೆಲ್ಸಾನೇ ಹೋದೋರಿಗೆ ನನ್ನ ಪ್ರಕಾರ ಇದೇ ಸರಿ, ಅದೂ ಕಲಬುರಗಿ ಕೋರ್ಟಿನಾಗ ಲೋಕ ಅದಾಲತ್ (ರಾಜಿ ಮಾಡ್ಸೂ ಅದಾಲತ್ತು) ಇದ್ದಾಗ ಮಾಡ್ಕೊಂಡ್ರ ಭಾಳ ಚಲೋ, ಕೋರ್ಟ್ ಫೀ ಇಲ್ಲ, ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿ (ತೀರ್ಪು) ಇದ್ದಂಗ, ಮ್ಯಾಲ ಅಪೀಲ್ ಇಲ್ಲ. ಬ್ಯಾಂಕಿನವ್ರೂ ಒಪ್ಪಬೇಕು ಅಷ್ಟ.

ಅಲ್ಲೀತನಕ ರಿಕವರಿಯವ್ರು ಮುಂಜಾನೆ 8ರ ಮುಂಚೆ, ಸಂಜಿ 7 ಆದಮ್ಯಾಲ ಫೋನ್ ಹಚ್ಚಂಗಿಲ್ಲ, ಆರ್‌ಬಿಐ ನಿಯಮ ಅದ. ಹಚ್ಚಿದ್ರ ಬ್ಯಾಂಕಿಗೆ ಕಂಪ್ಲೇಂಟ್ ಕೊಡ್ರಿ, 30 ದಿನದಾಗ ಉತ್ತರ ಬರ್ಲಿಲ್ಲಂದ್ರ ಬ್ಯಾಂಕಿನ ಮ್ಯಾಲಿನ ದೂರು ಕೇಳೂ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹಾಕ್ರಿ, ಅದಕ್ಕ ರೊಕ್ಕ ಬೀಳಂಗಿಲ್ಲ.